ಕಂಡಕ್ಟರ್ ಮಾವ ಸಾಕಿದ ಬೆಕ್ಕು

ಕಂಡಕ್ಟರ್ ಮಾವನ ಎಡಭುಜ ಬಲಭುಜಕ್ಕಿಂತ ತಗ್ಗಿತ್ತು. ವರ್ಷಗಟ್ಟಲೆ ಚರ್ಮದ ಚೀಲ ತೂಗಿ ತೂಗಿ ಅದು ಇಳಿದುಹೋಗಿತ್ತು. ಚೀಲದ ಬದಲು ಟಿಕೆಟ್ ಮೆಷೀನು ಬಂದ ಮೇಲೂ, ರಿಟೈರಾಗಿ ಅದನ್ನೂ ಡಿಪೋಗೆ ಒಪ್ಪಿಸಿದ ಮೇಲೂ ಆ ಭುಜ ಮೇಲೇಳಲಿಲ್ಲ. ಹಾಲಿಗೆಂದು ಬೀದಿಯ ತುದಿಗೆ ಹೋಗುವಾಗಲೂ ಅವರು ಇಲ್ಲದ ಚೀಲವನ್ನು ಮೊಣಕೈಯಿಂದ ಒತ್ತಿ ಹಿಡಿದವರಂತೆ ಒಂದು ಪಕ್ಕಕ್ಕೆ ವಾಲಿಕೊಂಡು ನಡೆಯುತ್ತಿದ್ದರು.

ಹನೂರಿನಲ್ಲಿ ಅವರ ಮನೆ ನಮ್ಮ ಎದುರಿಗೇ ಇತ್ತು. ನಾನು ಚಿಕ್ಕವಳಿದ್ದಾಗಿನಿಂದ ಅವರು ಗೋಪಿನಾಥಂ ಬಸ್ಸಿನ ಕಂಡಕ್ಟರು. ಕೊಳ್ಳೇಗಾಲ ಬಿಟ್ಟು, ಹನೂರು ದಾಟಿ, ಮಾದಪ್ಪನ ಬೆಟ್ಟದ ತಿರುವುಗಳನ್ನೆಲ್ಲ ಸುತ್ತಿ, ಪಾಲಾರಿನ ಮೇಲೆ ಹಾದು ಕಾಡಿನ ಕೊನೆಯ ಊರು ಮುಟ್ಟುವ ಬಸ್ಸು. ಆ ದಿಕ್ಕಿಗೆ ಬಸ್ಸುಗಳೇ ಕಡಿಮೆ. ಹತ್ತುವವರೆಲ್ಲ ಅವರಿಗೆ ಗೊತ್ತಿದ್ದವರು, ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಮುಗಿಸುವವರು. ಮೂರು ಜನ ಕೂತ ಸೀಟಿನ ಮುಂದೆ ಒಬ್ಬ ಮುದುಕಿಯನ್ನು ನಿಲ್ಲಿಸಿಕೊಂಡು ಅವರು ಹೇಳುತ್ತಿದ್ದ ಮಾತು ನಮ್ಮ ಬೀದಿಗೆಲ್ಲ ಬಾಯಿಪಾಠವಾಗಿತ್ತು.

“ಒಂದ್ ಚೂರು ಸರ್ಕೊಳಿ. ಒಂದ್ ಚೂರ್ಗೆ ಏನಾಯ್ತದೆ?”

ಜನ ಸರಿದುಕೊಳ್ಳುತ್ತಿದ್ದರು. ಮುದುಕಿ ಕೂರುತ್ತಿದ್ದಳು. ಏನೂ ಆಗುತ್ತಿರಲಿಲ್ಲ.

ಮನೆಯಲ್ಲೂ ಅವರದು ಅದೇ ಮಾತು. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ ಇತ್ತು. ನಾನು ಅವರನ್ನು ಅತ್ತೆ ಎನ್ನುತ್ತಿದ್ದೆ. ಅತ್ತೆಗೆ ಜಾಂಗೀರು ಎಂದರೆ ಪ್ರಾಣ. ಡ್ಯೂಟಿ ಮುಗಿಸಿ ಬರುವಾಗ ಮಾವ ಕೊಳ್ಳೇಗಾಲದಿಂದ ಜಾಂಗೀರಿನ ಪೊಟ್ಟಣ ತರುತ್ತಿದ್ದರು. ಮಗಳಿಗೆ ಎಂದೇ ತರುತ್ತಿದ್ದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅಷ್ಟೆ. ಮಾವ ಮುರಿದು ಕೊಟ್ಟುಬಿಡುತ್ತಿದ್ದರು. ಮಗಳು ಕಿತ್ತುಕೊಳ್ಳಲು ಹೋದರೆ, “ಬುಡವ್ವ, ಒಂದ್ ಚೂರ್ಗೆ ಏನಾಯ್ತದೆ?” ಮಾವಿನಹಣ್ಣಿನ ಕಾಲದಲ್ಲಿ ಮಾವಿನಹಣ್ಣು. ಹಬ್ಬದಲ್ಲಿ ಹೋಳಿಗೆ. ಕೇಳಿದವರಿಗೆ ಇಲ್ಲ ಎನ್ನುವುದು ಅವರಿಗೆ ಬರುತ್ತಿರಲಿಲ್ಲ. ಅದನ್ನು ಪ್ರೀತಿ ಎಂದೇ ನಾವೆಲ್ಲ ತಿಳಿದಿದ್ದೆವು. ಅದು ಪ್ರೀತಿಯೇ ಆಗಿತ್ತು ಕೂಡ.

ಅತ್ತೆಯ ಕಾಲಿಗೆ ಚಪ್ಪಲಿ ಕಚ್ಚಿ ಒಂದು ಗಾಯವಾಯಿತು. ಅದು ಮಾಯಲಿಲ್ಲ. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ ತೆಗೆದರು. ಅಷ್ಟಾದ ಮೇಲೂ ಅವರು ಬಹಳ ದಿನ ಉಳಿಯಲಿಲ್ಲ. ಸಾವಿನ ಮನೆಯಲ್ಲಿ ಮಗಳು ಅಪ್ಪನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ಆದರೆ ಕೂಗದೆ, “ನೀವೇ ತಿನ್ಸಿ ತಿನ್ಸಿ ಕಳುಸ್ಬುಟ್ರಿ ಅವ್ವನ್ನ” ಎಂದಳು. ಅವಳಿಗೆ ಆಗಲೇ ಮದುವೆಯಾಗಿತ್ತು. ಗಂಡ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ತಿಥಿ ಮುಗಿಸಿ ಹೋದವಳು ಎಷ್ಟೋ ವರ್ಷ ಹನೂರಿನ ಮನೆಗೆ ಕಾಲಿಡಲಿಲ್ಲ.

ಬೆಕ್ಕು ಬಂದಿದ್ದು ಆಮೇಲೆ, ಮಾವನ ಸರ್ವೀಸಿನ ಕೊನೆಯ ವರ್ಷ. ಗೋಪಿನಾಥಂನಿಂದ ಬೆಳಿಗ್ಗೆ ಹೊರಟ ಬಸ್ಸಿನ ಹಿಂದಿನ ಸೀಟಿನಡಿ, ಮೀನಿನ ಬುಟ್ಟಿಗಳ ಸಂದಿಯಲ್ಲಿ ಒಂದು ಮರಿ ಕೂತಿತ್ತಂತೆ. ಇಳಿಸೋಣವೆಂದರೆ ಬೆಟ್ಟದ ಕಾಡು. ಹನೂರಿನವರೆಗೆ ತಂದವರು ಮನೆಗೇ ತಂದುಬಿಟ್ಟರು. “ಟಿಕೆಟ್ ಇಲ್ದೆ ಬಂದೋಳು ಇವ್ಳು” ಎಂದು ಪಾಸು ಎಂಬ ಹೆಸರಿಟ್ಟರು.

ಮಾವ ಉಂಡದ್ದನ್ನೆಲ್ಲ ಪಾಸು ಉಣ್ಣುತ್ತಿತ್ತು. ಅವರು ಮುದ್ದೆ ಮುರಿದರೆ ಅದಕ್ಕೊಂದು ತುತ್ತು, ಸಾರಿನಲ್ಲಿ ಹೊರಳಿಸಿ. ಬೆಳಿಗ್ಗೆ ಕಾಫಿಯಲ್ಲಿ ಅದ್ದಿದ ಬನ್ನು. ಭಾನುವಾರ ಬಾಡಿನ ಸಾರು; ಒಂದು ತುಂಡು ಅವರಿಗೆ, ಒಂದು ತುಂಡು ಅದಕ್ಕೆ, ಜೊತೆಗೆ ಬೆಂದು ಮೆತ್ತಗಾದ ಈರುಳ್ಳಿ ಬೆಳ್ಳುಳ್ಳಿಯ ಮಸಾಲೆ. ತಟ್ಟೆ ನೆಕ್ಕಿ ಅದು ಮುಖ ತೊಳೆದುಕೊಳ್ಳುವುದನ್ನು ನೋಡುತ್ತ ಕೂರುವುದೇ ಅವರ ಸಂಜೆ. ನಾನು ಕೊಳ್ಳೇಗಾಲದ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಸಂಜೆ ಬಸ್ಸಿಳಿದು ಬಂದರೆ ಇಬ್ಬರೂ ಜಗಲಿಯ ಮೇಲೆ ಇರುತ್ತಿದ್ದರು. “ಮನ್ಸರ್ ತರಾನೇ ಉಂಡದೆ ಕಣವ್ವ ಇದು” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಪಾಸು ಕಾಂಪೌಂಡಿನ ಮೇಲೆ ಹಾರುವುದನ್ನು ಬಿಟ್ಟಿತು. ಬಿಸಿಲಿಗೆ ಸೋತಿದೆ ಎಂದುಕೊಂಡೆವು. ಆಮೇಲೆ ತಿನ್ನುವುದನ್ನೂ ಬಿಟ್ಟಿತು. ಮಲಗಿದಲ್ಲೇ ಬೇಗ ಬೇಗ ಉಸಿರಾಡುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ಮಾವ ನಮ್ಮ ಮನೆಗೆ ಬಂದು ಒಂದು ಬಿಳಿ ಪಂಚೆಯ ತುಂಡು ತೋರಿಸಿದರು. ಬೆಕ್ಕು ಅದರ ಮೇಲೆ ಉಚ್ಚೆ ಹೊಯ್ದಿತ್ತು. ಬಟ್ಟೆ ಟೀ ಚೆಲ್ಲಿದ ಬಣ್ಣಕ್ಕೆ ತಿರುಗಿತ್ತು.

ಹನೂರಿನ ದನದ ಆಸ್ಪತ್ರೆಯ ಡಾಕ್ಟರು ಆ ದಿನ ಹಳ್ಳಿಗಳಿಗೆ ಲಸಿಕೆ ಹಾಕಲು ಹೋಗಿದ್ದರು. ನಾನು ಹೇಗೂ ಕೊಳ್ಳೇಗಾಲಕ್ಕೆ ಹೊರಟಿದ್ದೆ, ಜೊತೆಗೆ ಅವರನ್ನೂ ಹೊರಡಿಸಿದೆ. ಪಾಸನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮಲಗಿಸಿ ಮೇಲೆ ಟವಲು ಹೊದಿಸಿದ್ದರು. ಬಸ್ಸಿನ ಕಂಡಕ್ಟರ್ ಹುಡುಗ ಅವರ ಕೈಕೆಳಗೆ ಕೆಲಸ ಕಲಿತವನು. ಬುಟ್ಟಿ ನೋಡಿ, “ಸಾ, ಏನಾಯ್ತು ಸಾ ಅದ್ಕೆ?” ಎಂದ. ಮಾವ ದಾರಿಯುದ್ದಕ್ಕೂ ಟವಲಿನೊಳಗೆ ಕೈಯಿಟ್ಟು, ಅದು ಉಸಿರಾಡುತ್ತಿದೆಯೇ ಎಂದು ನೋಡುತ್ತಿದ್ದರು.

ಕೊಳ್ಳೇಗಾಲದಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಕ್ಕಿನ ತುಟಿ ಎತ್ತಿ ವಸಡು ನೋಡಿದರು. ನಸುಗೆಂಪಿರಬೇಕಾದ ವಸಡು ಸುಣ್ಣದ ಹಾಗೆ ಬೆಳ್ಳಗಿತ್ತು.

“ಇದಕ್ಕೆ ಏನು ತಿನ್ನೋಕೆ ಕೊಡ್ತೀರಿ?”

“ನಾ ಉಂಡಿದ್ದೆಲ್ಲಾನೂ ಕೊಟ್ಟಿವ್ನಿ ಮೇಡಮ್ನೋರೇ. ಯಾವ್ದಕ್ಕೂ ಕಮ್ಮಿ ಮಾಡಿಲ್ಲ.”

“ಸಾರು? ಈರುಳ್ಳಿ, ಬೆಳ್ಳುಳ್ಳಿ ಹಾಕಿದ್ದು?”

“ಅದಿಲ್ದೆ ಸಾರೆಲ್ಲಿ ಬಂದದು?”

ಡಾಕ್ಟರು ಗದರಲಿಲ್ಲ. ಬೆಕ್ಕಿನ ಮೈಗೆ ಈರುಳ್ಳಿ ಬೆಳ್ಳುಳ್ಳಿ ವಿಷ, ಹಸಿಯಾದರೂ ಅಷ್ಟೆ ಬೆಂದದ್ದಾದರೂ ಅಷ್ಟೆ, ರಕ್ತದ ಕಣಗಳನ್ನು ಒಡೆದುಹಾಕುತ್ತದೆ ಎಂದರು. ಉಚ್ಚೆಯಲ್ಲಿ ಬಂದ ಬಣ್ಣ ಅದೇ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಕಾಫಿ ಯಾವುದೂ ಬೇಡ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಹಾಲು ಕೂಡ ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅರಗುವುದಿಲ್ಲ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು, ಬೆಂದ ಮೊಟ್ಟೆ ಕೊಡಬಹುದು, ಅದೂ ಸ್ವಲ್ಪ.

“ಈರುಳ್ಳಿ ಒಂದ್ ಚೂರೇ ಕಣಮ್ಮ ನಾ ಕೊಟ್ಟಿದ್ದು” ಎಂದರು ಮಾವ.

“ಇದರ ತೂಕ ನೋಡಿ ಅಜ್ಜ. ನಿಮಗೆ ಚೂರು. ದಿನಾ ಕೊಟ್ಟರೆ ಇದಕ್ಕೆ ಅದು ಚೂರಲ್ಲ.”

ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಉಳಿಯುತ್ತದೆಯೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ ಎಂದರು. ನಾವಿಬ್ಬರೂ ಹೊರಗೆ ಹೊಂಗೆಮರದ ಕೆಳಗೆ ಕೂತೆವು. ಎಮ್ಮೆಯೊಂದನ್ನು ಹಿಡಿದುಕೊಂಡು ಯಾರೋ ಕಾಯುತ್ತಿದ್ದರು. ಮಾವ ನೆಲ ನೋಡುತ್ತ ಹೇಳಿದರು:

“ನಿಮ್ಮತ್ತೆ ಡಾಕ್ಟ್ರೂ ಇದ್ನೇ ಅಂದಿದ್ರು ಕಣವ್ವ. ಇದೇ ಮಾತ. ನಾನು ಈ ಕಿವೀಲಿ ಕೇಳಿ ಆ ಕಿವೀಲಿ ಬುಟ್ಟೆ.”

ನಾನು ಸಮಾಧಾನಕ್ಕೆ ಏನೋ ಹೇಳಹೋದೆ. ಅವರು ಬೇಡವೆಂದು ಕೈಯಾಡಿಸಿದರು.

ಪಾಸು ಉಳಿಯಿತು. ಕೆಲವು ವಾರ ಹಿಡಿಯಿತು, ಆದರೆ ವಸಡಿಗೆ ಬಣ್ಣ ಮರಳಿತು. ಮಾವ ಅದಕ್ಕಾಗಿ ಒಂದು ಪುಟ್ಟ ಪಾತ್ರೆ ಬೇರೆ ಮಾಡಿದರು. ಕೋಳಿಯ ತುಂಡನ್ನು ಬರಿಯ ನೀರಿನಲ್ಲಿ ಬೇಯಿಸಿ, ಆರಿಸಿ, ಕನ್ನಡಕ ಹಾಕಿಕೊಂಡು ಮೂಳೆ ತೆಗೆದು, ಎಳೆ ಎಳೆಯಾಗಿ ಬಿಡಿಸಿ ಇಡುತ್ತಿದ್ದರು. ಅದು ಸಾರಿಗಾಗಿ ಅವರ ತಟ್ಟೆಯ ಸುತ್ತ ಸುತ್ತಿ ಕೂಗಿದರೆ ಎದ್ದು ಬಾಗಿಲ ಹಿಂದೆ ಹೋಗಿ ಉಣ್ಣುತ್ತಿದ್ದರು. ಬೀದಿಯ ಮಕ್ಕಳು ಬಿಸ್ಕತ್ತು ಹಿಡಿದು ಬಂದರೆ, “ಬ್ಯಾಡ ಮಗ, ಅದ್ಕೆ ಆಗಾಕಿಲ್ಲ” ಎನ್ನುತ್ತಿದ್ದರು. ಅವರ ಬಾಯಲ್ಲಿ ಬ್ಯಾಡ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಒಂದು ಭಾನುವಾರ ನಾನು ಅವರ ಅಡುಗೆಮನೆಯಲ್ಲಿದ್ದೆ. ಅವರು ಕೋಳಿಯ ಎಳೆ ಬಿಡಿಸುತ್ತಿದ್ದವರು ತಟ್ಟನೆ ನಿಲ್ಲಿಸಿ ಬೆರಳುಗಳನ್ನೇ ನೋಡಿಕೊಂಡರು.

“ಬೆಕ್ಕಿಗೆ ಇಷ್ಟು ಮಾಡ್ತಾವ್ನಿ. ಅವ್ಳ್ಗೆ ಒಂದಿನ, ಒಂದೇ ಒಂದಿನ, ಅವ್ಳ ಕಾಯ್ಲೆಗೆ ಆಗೋ ಅಂತದ್ದ ಮಾಡಿ ಇಕ್ನಿಲ್ಲ. ತಂದ್ ತಂದ್ ಕೊಟ್ಟೆ. ಕೊಡೋದು ಸಲೀಸು ಕಣವ್ವ. ಇಲ್ಲ ಅನ್ನೋಕೆ ಪಕ್ಕದಲ್ಲೇ ಕೂತಿರ್ಬೇಕಾಯ್ತದೆ. ನಾ ಬಸ್ನಲ್ಲಿದ್ದೆ.”

ಮರುವಾರ ಕುಂತೂರಿಗೆ ಹೋದರು. ಮಗಳು ಬಾಗಿಲಲ್ಲೇ ಮಾತಾಡಿಸಿದಳಂತೆ. ನೀನು ಅಂದದ್ದು ಸರಿ ಎಂದು ಇವರು ಹೇಳಿದರಂತೆ. ಅವಳು ಒಳಗೆ ಹೋಗಿ ನೀರು ತಂದು ಕೊಟ್ಟಳಂತೆ, ಬೇರೆ ಮಾತಿಲ್ಲ. ವಾಪಸು ಬಂದು ನನಗೆ ಇಷ್ಟೇ ಹೇಳಿದ್ದು: “ನೀರು ಕೊಟ್ಟಳು ಕಣವ್ವ.” ಮತ್ತೆ ಹೋಗಬೇಕೆಂದು ಆಗಾಗ ಅನ್ನುತ್ತಿದ್ದರು. ಹೋಗಲಿಲ್ಲ.

ಅದೇ ಹೊತ್ತಿಗೆ ನಮ್ಮಪ್ಪನ ಕಿಡ್ನಿ ಕೈಕೊಟ್ಟಿತು. ಅಪ್ಪ ರಿಟೈರಾದ ಮೇಷ್ಟ್ರು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಡಾಕ್ಟರು ಉಪ್ಪು ಬಿಡಿಸಿದರು. ಉಪ್ಪಿನಕಾಯಿ, ಹಪ್ಪಳ ಎಲ್ಲ ಬಂದ್. ನಾನು ಬೆಳಿಗ್ಗೆ ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ಸಾರು ಮಾಡಿಟ್ಟು ಕೊಳ್ಳೇಗಾಲಕ್ಕೆ ಹೋದರೆ, ಸಂಜೆ ಬರುವಷ್ಟರಲ್ಲಿ ಅದು ಹಾಗೇ ಇರುತ್ತಿತ್ತು. ಅಪ್ಪ ಅಂಗಡಿಯಿಂದ ಉಪ್ಪಿನಕಾಯಿ ತರಿಸಿಕೊಂಡು ಅನ್ನಕ್ಕೆ ಕಲಸಿಕೊಂಡಿರುತ್ತಿದ್ದರು. ಕಾಲು ಊದಿಕೊಳ್ಳುತ್ತಿತ್ತು. ಬೈದೆ, ಕಣ್ಣೀರು ಹಾಕಿದೆ, ಅವರು ಕೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ತಟ್ಟೆಯನ್ನು ತಳ್ಳಿ ಕೂತಿದ್ದಾಗ ಕಂಡಕ್ಟರ್ ಮಾವ ಒಳಗೆ ಬಂದರು. ನೋಡಿದರು. ಪಕ್ಕದಲ್ಲಿ ನೆಲದ ಮೇಲೆ ಕೂತುಕೊಂಡರು.

“ನಂಗೂ ಅದ್ನೇ ಇಕ್ಕವ್ವ.”

“ಕಂಡಕ್ಟರೇ, ಅದರಲ್ಲಿ ಉಪ್ಪಿಲ್ಲ ಕಣ್ರಿ” ಎಂದರು ಅಪ್ಪ.

“ಗೊತ್ತು ಮೇಷ್ಟ್ರೇ. ಉಣ್ಣಿ.”

ಇಬ್ಬರೂ ಉಂಡರು. ಮಾವ ತುತ್ತು ನುಂಗುವುದಕ್ಕೆ ಪಡುತ್ತಿದ್ದ ಕಷ್ಟ ನೋಡಿ ಅಪ್ಪನಿಗೆ ನಗು ಬಂತು. ಮಾರನೆಯ ದಿನದಿಂದ ಮಾವ ಪ್ರತಿ ಮಧ್ಯಾಹ್ನ ಬಂದರು. ನಾನಿಲ್ಲದ ಮನೆಯಲ್ಲಿ ಅಪ್ಪನಿಗೆ ಬಡಿಸಿ, ತಾವೂ ಅದನ್ನೇ ಬಡಿಸಿಕೊಂಡು, ಎದುರಿಗೆ ಕೂತು ಮುಗಿಸುತ್ತಿದ್ದರು. ಅಪ್ಪ ಎಷ್ಟೋ ಸಲ ಉಪ್ಪಿನಕಾಯಿಗಾಗಿ ಗೋಗರೆದಿದ್ದಾರೆ, ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಬೈದೂ ಇದ್ದಾರೆ. “ಬಯ್ಯಿ ಮೇಷ್ಟ್ರೇ. ನಾ ಮಾತ್ರ ತಂದ್ಕೊಡಾಕಿಲ್ಲ” ಎನ್ನುತ್ತಿದ್ದರಂತೆ. ಅಪ್ಪನ ಕಾಲಿನ ಊತ ಇಳಿಯಿತು. ಇವತ್ತಿಗೂ ಅವರು ಬೆಳಿಗ್ಗೆ ಎದ್ದು ಪೇಪರು ಓದುತ್ತಾರೆ. ಅದಕ್ಕೆ ನಾನು ಯಾವ ಆಸ್ಪತ್ರೆಗಿಂತ ಹೆಚ್ಚಾಗಿ ಆ ಮನುಷ್ಯನಿಗೆ ಋಣಿ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಂಡಕ್ಟರ್ ಮಾವ ಎದೆನೋವೆಂದು ಜಗಲಿಯ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರು. ಆಟೋ ತರುವಷ್ಟರಲ್ಲಿ ಮುಗಿದಿತ್ತು. ಮಗಳು ಕುಂತೂರಿನಿಂದ ಓಡಿ ಬಂದಳು. ಅಪ್ಪನ ಕಾಲಿನ ಬಳಿ ಕೂತವಳು ಹೆಣ ಎತ್ತುವವರೆಗೂ ಅಲ್ಲಿಂದ ಏಳಲಿಲ್ಲ.

ತಿಥಿಯ ದಿನ ಅವಳು ಎಡೆ ಇಡಲು ಅಡುಗೆ ಮಾಡುತ್ತಿದ್ದಳು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಇಡಬೇಕು. ನನ್ನನ್ನು ಕರೆದು ಕೇಳಿದಳು: “ಅಕ್ಕ, ಅಪ್ಪಾಜಿ ಈಚೀಚೆಗೆ ಏನ ಇಷ್ಟಪಟ್ಟು ಉಣ್ಣೋರು? ನಂಗೆ ಗೊತ್ತಿಲ್ಲ.”

ನಾನು ಇದ್ದದ್ದನ್ನು ಹೇಳಿದೆ. ಬೆಕ್ಕಿಗೆ ಕಾಯಿಲೆಯಾದದ್ದು, ಹೊಂಗೆಮರದ ಕೆಳಗಿನ ಮಾತು, ನಮ್ಮಪ್ಪನ ಜೊತೆಯ ಊಟ. ಅವಳ ಕೈಯಲ್ಲಿದ್ದ ಸೌಟು ನಿಂತಿತು.

“ಉಪ್ಪಿಲ್ದೆ? ಅಪ್ಪಾಜಿ?”

“ದಿನಾ.”

“ಉಪ್ಪು ಕಮ್ಮಿ ಆಯ್ತು ಅಂದ್ರೆ ಅವ್ವನ ಮುಂದೆ ತಟ್ಟೆ ಬುಟ್ಟು ಎದ್ದೋಗೋರು, ಅಕ್ಕ” ಎಂದಳು. “ಅವತ್ತು ಮನೆಗೆ ಬಂದಿದ್ರು. ಒಳಿಕ್ಕೆ ಬನ್ನಿ ಅನ್ಬೇಕಾಗಿತ್ತಲ್ವಾ ನಾನು” ಎಂದು ಒಲೆಯ ಕಡೆ ತಿರುಗಿ ನಿಂತಳು. ಹೊಗೆ ಇರಲಿಲ್ಲ, ಗ್ಯಾಸಿನ ಒಲೆ. ಆದರೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಪಾಸನ್ನು ನಾವು ಇಟ್ಟುಕೊಳ್ಳುತ್ತೇವೆಂದೆವು. ಅವಳು ಒಪ್ಪಲಿಲ್ಲ, ಕುಂತೂರಿಗೆ ಕರೆದುಕೊಂಡು ಹೋದಳು. ಅಂದಿನಿಂದ ಆಗಾಗ ನನಗೆ ಫೋನು ಮಾಡುತ್ತಾಳೆ. ಸಿಹಿಗುಂಬಳ ಬೇಯಿಸಿ ಕೊಡಬಹುದಾ, ಕಬ್ಬಿನ ಹಾಲು ನೆಕ್ಕಲು ಬಂದರೆ ಏನು ಮಾಡಲಿ, ಮೀನಿನ ತಲೆ ಕೊಡಲಾ, ಎಂದು ಕೇಳುತ್ತಾಳೆ. ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಕೊಳ್ಳೇಗಾಲದ ಡಾಕ್ಟರನ್ನು ಕೇಳಿ ಹೇಳುತ್ತೇನೆ. ಬೆಕ್ಕಿನ ಊಟದ ಮಾತು ಬೇಗ ಮುಗಿಯುತ್ತದೆ. ಅವಳು ಫೋನು ಇಡುವುದಿಲ್ಲ.

“ಅಕ್ಕ, ಮೊಟ್ಟೆ ಬೇಯಿಸಿದ್ರೆ ಅಪ್ಪಾಜಿ ಹಳದಿದು ಕೊಡೋರಾ, ಬಿಳೀದು ಕೊಡೋರಾ?” ಎನ್ನುತ್ತಾಳೆ. “ಎಲ್ಲಿ ಕೂತ್ಕೊಂಡು ಕೊಡೋರು?”

ನಾನು ಹೇಳುತ್ತೇನೆ.