ಅಮೆರಿಕ ಸೋತೀತೆಂದು ಹೆದರುತ್ತಿದ್ದ ಕಾಕ

ಕಾಕನ ಬಲಗೈಯ ತೋರುಬೆರಳಿನ ಮೇಲೆ ಒಂದು ಕಪ್ಪು ಗೆರೆ ಇತ್ತು, ನೈಲಾನ್ ಹಗ್ಗ ಎಳೆದೆಳೆದು ಕೊರೆದದ್ದು. ತೊಕ್ಕೊಟ್ಟಿನ ಅವರ ಬ್ಯಾಗಿನ ಅಂಗಡಿಯಲ್ಲಿ ಗಲ್ಫಿಗೆ ಹೊರಟವರ ರಟ್ಟಿನ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುವುದು ಅವರದೇ ಕೆಲಸ. ಬೇರೆಯವರು ಹಾಕಿದ ಗಂಟನ್ನು ಅವರು ನಂಬುತ್ತಿರಲಿಲ್ಲ. ಫುಟ್‌ಬಾಲ್ ನೋಡುವಾಗಲೂ ಆ ಹಗ್ಗದ ತುಂಡನ್ನು ಆ ಬೆರಳಿಗೇ ಸುತ್ತಿಕೊಂಡು ಕೂರುತ್ತಿದ್ದರು. ಎದುರಾಳಿ ಚೆಂಡನ್ನು ಹತ್ತಿರ ತಂದಷ್ಟೂ ಹಗ್ಗ ಬಿಗಿಯಾಗುತ್ತಿತ್ತು, ಬೆರಳ ತುದಿ ನೀಲಿಯಾಗುತ್ತಿತ್ತು.

ಅವರ ಟೀಮು ಅಮೆರಿಕ. ಬ್ರೆಜಿಲ್, ಅರ್ಜೆಂಟೀನಾ ಎಂದು ಆಳೆತ್ತರದ ಫ್ಲೆಕ್ಸ್ ಕಟ್ಟುವ ಊರಿನಲ್ಲಿ ಅಮೆರಿಕಕ್ಕೆ ಜೈ ಎನ್ನುವವರು ಅವರೊಬ್ಬರೇ. "ಕಾಕ, ನಿಮ್ಮವರಿಗೆ ಚೆಂಡನ್ನು ಕೈಯಲ್ಲಿ ಹಿಡಿದು ಓಡ್ಲಿಕ್ಕೆ ಮಾತ್ರ ಗೊತ್ತುಂಟು" ಎಂದು ಗಿರಾಕಿಗಳು ಕಾಲೆಳೆಯುತ್ತಿದ್ದರು. ಯುದ್ಧದ ಸುದ್ದಿ ಬಂದ ದಿನಗಳಲ್ಲಿ ಆ ತಮಾಷೆಗೆ ಸ್ವಲ್ಪ ಖಾರವೂ ಸೇರುತ್ತಿತ್ತು. "ಸರ್ಕಾರ ಬೇರೆ, ಆಟ ಬೇರೆ" ಎಂದಷ್ಟೇ ಹೇಳಿ ಅವರು ತಲೆ ತಗ್ಗಿಸಿ ಗಂಟು ಹಾಕುತ್ತಿದ್ದರು. ಕಾರಣವನ್ನು ನನಗೊಬ್ಬನಿಗೆ ಹೇಳಿದ್ದರು. ಗಲ್ಫಿನ ಹೋಟೆಲೊಂದರ ಲಾಂಡ್ರಿಯಲ್ಲಿದ್ದಾಗ ಅಲ್ಲಿಗೆ ಬಂದಿದ್ದ ಅಮೆರಿಕದ ತಂಡವೊಂದರ ಅಂಗಿಗಳನ್ನು ಅವರೇ ಒಗೆದಿದ್ದರಂತೆ. ಆ ತಂಡದ ಗೋಲ್‌ಕೀಪರ್ ಕೆಳಗಿಳಿದು ಬಂದು, ಥ್ಯಾಂಕ್ಸ್ ಹೇಳಿ, ಹೆಸರು ಕೇಳಿದನಂತೆ. "ಅಷ್ಟು ವರ್ಷದಲ್ಲಿ ಅಲ್ಲಿ ನನ್ನ ಹೆಸರು ಕೇಳಿದವ ಅವನೊಬ್ಬ ಮಾಷ್ಟ್ರೆ."

ನಾನು ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಗಣಿತದ ಮೇಷ್ಟ್ರು. ಅಮೆರಿಕದ ಸಂಜೆಯ ಆಟ ನಮಗೆ ಬೆಳಗಾಗುತ್ತದೆ. ಕಾಕ ನಮಾಜು ಮುಗಿಸಿ ಬರುವಾಗ ನಾನು ಕೆಳಗಿಳಿಯುತ್ತಿದ್ದೆ. ಟ್ರಾಲಿ ಬ್ಯಾಗಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಆಟ, ಒಳಗಿನಿಂದ ಅವರ ಹೆಂಡತಿ ಕಳಿಸುವ ಚಹಾ. ಪೂಜೆ ಭಟ್ಟರ ಮಗನಾದ ನಾನು ಬ್ಯಾರಿ ಕಾಕನೊಂದಿಗೆ ಕೂತು ಅಮೆರಿಕಕ್ಕಾಗಿ ಬೆವರುವುದನ್ನು ನೋಡಿ ಹಾಲಿನವನು ನಗುತ್ತಿದ್ದ.

ಆ ದೇಶದ ಫುಟ್‌ಬಾಲಿನ ಬಗ್ಗೆ ಕಾಕನಿಗೆ ಪ್ರೀತಿಗಿಂತ ದಿಗಿಲೇ ಹೆಚ್ಚು. "ಅಲ್ಲಿ ಮಕ್ಕಳು ಆಡ್ಲಿಕ್ಕೆ ಫೀಸ್ ಕೊಡ್ಬೇಕು, ಗೊತ್ತುಂಟಾ? ನಮ್ಮ ಉಳ್ಳಾಲದ ಕಡಲ ಹೊಯ್ಗೆಯಲ್ಲಿ ಬರಿಗಾಲಲ್ಲಿ ಓಡುವವ ಅಲ್ಲಿ ಹುಟ್ಟಿದ್ರೆ ಅವನನ್ನು ಯಾರೂ ನೋಡುದೇ ಇಲ್ಲ" ಎನ್ನುತ್ತಿದ್ದರು. ಇನ್ನೊಂದು ದೂರು ಅಲ್ಲಿಯ ಲೀಗಿನದು. "ಕೊನೆಗೆ ಬಂದ ಟೀಮನ್ನೂ ಕೆಳಗಿನ ದರ್ಜೆಗೆ ಹಾಕುದಿಲ್ಲ ಮಾರಾಯ್ರೆ. ಬೀಳುವ ಹೆದರಿಕೆ ಇಲ್ಲದವ ಯಾಕೆ ಓಡ್ತಾನೆ?" ಆ ಆಟಗಾರರಿಗೆ ಇಲ್ಲದ ಹೆದರಿಕೆಯನ್ನೆಲ್ಲ ತೊಕ್ಕೊಟ್ಟಿನಲ್ಲಿ ಕೂತು ಈ ಮನುಷ್ಯ ಅನುಭವಿಸುತ್ತಿದ್ದರು.

ಒಮ್ಮೆ ವಿಶ್ವಕಪ್ಪಿನ ಅರ್ಹತೆಗೆ ಕೊನೆಯ ಪಂದ್ಯ. ಎದುರಿಗೆ ಒಂದು ಸಣ್ಣ ದ್ವೀಪದ ತಂಡ, ಸಮ ಮಾಡಿಕೊಂಡರೂ ಸಾಕಿತ್ತು. ಅಮೆರಿಕದವನೇ ತನ್ನ ತಂಡದ ಗೋಲಿನೊಳಗೆ ಚೆಂಡು ಹೊಡೆದ. ಪಂದ್ಯ ಸೋತು, ವಿಶ್ವಕಪ್ಪೂ ಕೈತಪ್ಪಿತು. ಕಾಕ ಎದೆ ಹಿಡಿದುಕೊಂಡು ಪೆಟ್ಟಿಗೆಗಳ ಮೇಲೆ ವಾಲಿದರು. ರಿಕ್ಷಾದಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೇತ್ರಾವತಿ ಸೇತುವೆ ದಾಟಿ ಆಸ್ಪತ್ರೆಗೆ ಮುಟ್ಟಿಸಿದೆ.

ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದರು. ಇನ್ನು ಪಂದ್ಯ ನೋಡಬಾರದು ಎಂದರು ಡಾಕ್ಟರು. "ನೀವು ನೋಡಿ, ಮೆಲ್ಲ ಹೇಳಿ. ಒಮ್ಮೆಲೇ ಹೇಳ್ಬೇಡಿ ಮಾಷ್ಟ್ರೆ" ಎಂದು ಅವರ ಹೆಂಡತಿ ನನ್ನನ್ನು ಬೇಡಿಕೊಂಡರು. ಅಂದಿನಿಂದ ನಾನು ಮೊಬೈಲಿನ ಎದುರು, ಕಾಕ ಅದಕ್ಕೆ ಬೆನ್ನು ಹಾಕಿ ನನ್ನ ಎದುರು. ಅವರು ಆಟ ನೋಡುತ್ತಿದ್ದದ್ದು ನನ್ನ ಮುಖದಲ್ಲಿ. ನನ್ನ ಹುಬ್ಬು ಮೇಲೇರಿದರೆ ಒಂದು ಜೀವ ಹೋದೀತೆಂಬ ಹೆದರಿಕೆಯಲ್ಲಿ ನಾನು ಕಲ್ಲಿನ ಹಾಗೆ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಅಮೆರಿಕ ಒಂದು ಗೋಲು ಹಿಂದಿತ್ತು. ಇನ್ನೂ ಅರ್ಧ ಆಟ ಬಾಕಿ. "ಎಂತ ಆಯ್ತು?" ಎಂದರು. "ಎಂತ ಇಲ್ಲ ಕಾಕ, ಸ್ವಲ್ಪ ಕಷ್ಟ ಉಂಟು ಅಷ್ಟೆ" ಎಂದೆ. ಅವರ ಮುಖ ಬಿಳಿಚಿಕೊಂಡಿತು. ಹಣೆಯಲ್ಲಿ ಬೆವರು. ನಾನು ಓಡಿಹೋಗಿ ನೀರು ತಂದೆ. ಎರಡು ಗುಟುಕು ಕುಡಿದು, ನನ್ನ ಮಣಿಕಟ್ಟು ಹಿಡಿದು ಹೇಳಿದರು:

"ಹಾಗೆ ಹೇಳ್ಬೇಡಿ ಮಾಷ್ಟ್ರೆ. ಗಲ್ಫಿಗೆ ಫೋನ್ ಮಾಡಿದವರು 'ಸ್ವಲ್ಪ' ಅಂದ್ರೆ ಎಲ್ಲ ಮುಗಿದಿದೆ ಅಂತ ಅರ್ಥ. ನನ್ನನ್ನು ಹೆತ್ತ ಉಮ್ಮ ತೀರಿಹೋದಾಗ 'ಸ್ವಲ್ಪ ಹುಷಾರಿಲ್ಲ, ರಜೆ ಸಿಕ್ಕಿದಾಗ ಬಾ' ಅಂತ ಹೇಳಿದ್ರು. ನಾನು ವಾರದ ಕೆಲಸ ಮುಗಿಸಿ, ಅವರಿಗೆ ಬಾದಾಮಿ ತಕ್ಕೊಂಡು ಬಂದೆ. ಗೋರಿಯ ಮಣ್ಣು ಕೂಡ ಒಣಗಿತ್ತು. ನನಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸೋಲಿನಿಂದ ನಾನು ಸಾಯುದಿಲ್ಲ."

"ಸೊನ್ನೆ, ಒಂದು. ನಲವತ್ತೆಂಟನೇ ನಿಮಿಷ" ಎಂದೆ. ಅವರು ನಿರಾಳವಾಗಿ ಉಸಿರು ಬಿಟ್ಟರು. "ಅಷ್ಟೆಯಾ? ಹಾಗಾದ್ರೆ ಇನ್ನೂ ಸಮಯ ಉಂಟು." ಅದರ ನಂತರ ನಾನು ಸುದ್ದಿಗೆ ಸಕ್ಕರೆ ಬೆರೆಸಲಿಲ್ಲ.

ಈ ಸಲದ ವಿಶ್ವಕಪ್ ಅಮೆರಿಕದ ಅಂಗಳದಲ್ಲೇ ಎಂದಾಗ ಕಾಕನಿಗೆ ಸಂತೋಷವಾಗಲಿಲ್ಲ. ಆತಿಥೇಯರಿಗೆ ಅರ್ಹತೆಯ ಪಂದ್ಯಗಳಿಲ್ಲ. "ಪರೀಕ್ಷೆ ಬರೆಯದೆ ಪಾಸಾದ ಹಾಗೆ. ಮನೆಗೆ ನೆಂಟರನ್ನು ಕರೆದು ಅವರೆದುರೇ ಬಿದ್ರೆ ಮುಖ ಎಲ್ಲಿ ಇಡುದು?" ಎಂದು ದಿನಾ ಹಲುಬುತ್ತಿದ್ದರು. ಆ ಭಯವನ್ನು ಅವರು ಅನುಭವಿಸಬೇಕಾಗಿ ಬರಲಿಲ್ಲ. ವಿಶ್ವಕಪ್ಪಿಗೆ ಮೊದಲೇ ಒಂದು ಬೆಳಿಗ್ಗೆ, ಯಾವ ಆಟವೂ ಇಲ್ಲದ ದಿನ, ನಮಾಜಿನಿಂದ ಬಂದು ಮಲಗಿದವರು ಏಳಲಿಲ್ಲ.

ಮಗ ದುಬೈಯಲ್ಲಿದ್ದ. ಫೋನ್ ಮಾಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವರ ಹೆಂಡತಿ ಮೊಬೈಲನ್ನು ನನ್ನ ಕೈಗಿತ್ತರು. "ಸ್ವಲ್ಪ ಸೀರಿಯಸ್ ಅಂತ ಹೇಳಿ, ಸಾಕು. ಹುಡುಗ ಅಲ್ಲಿ ಒಬ್ಬನೇ ಇರುದು" ಎಂದರು ಹಿರಿಯರೊಬ್ಬರು. ಅವರ ಮಾತಿನಲ್ಲೂ ನ್ಯಾಯವಿತ್ತು. ಆ ಕಡೆ ಅವನೂ ಎದೆ ಹಿಡಿದು ಕುಸಿದರೆ ಹಿಡಿಯುವವರು ಯಾರು? ನಾನು ನಂಬರ್ ಒತ್ತಿದೆ. ಜೀವನದಲ್ಲಿ ಅಷ್ಟು ಹೆದರಿದ್ದು ಬೇರೆಂದೂ ಇಲ್ಲ.

"ಎಲ್ಲಿದ್ದೀ? ಕೂತುಕೊಂಡಿದ್ದೀಯಾ?" ಎಂದೆ.

"ಹೌದು ಮಾಷ್ಟ್ರೆ. ಎಂತ ಆಯ್ತು?"

"ನಿನ್ನ ತಂದೆ ಹೋದರು. ಆರೂವರೆಗೆ. ಮಲಗಿದಲ್ಲೇ."

ಲೈನ್ ಕಟ್ಟಾಯಿತೇನೋ ಎಂದು ನಾನು ಹೆಸರು ಹಿಡಿದು ಕರೆದೆ. ಕೊನೆಗೆ ಅವನು, "ಮಧ್ಯಾಹ್ನಕ್ಕೆ ಫ್ಲೈಟ್ ಉಂಟು. ನಾನು ಬರುವವರೆಗೆ ಕಾಯ್ಲಿಕ್ಕೆ ಹೇಳಿ" ಎಂದ.

ಮಣ್ಣು ಮಾಡದೆ ಕಾದರು. ಸಂಜೆಯ ಮಗ್ರಿಬ್ ನಮಾಜು ಕಳೆದು ಅವನು ಬಂದ, ಕೈಯಲ್ಲಿ ಬ್ಯಾಗೂ ಇರಲಿಲ್ಲ. ಮುಖದ ಮೇಲಿನ ಬಿಳಿಬಟ್ಟೆ ಸರಿಸಿದರು. ಅವನು ಬಗ್ಗಿ ತಂದೆಯ ಹಣೆಗೆ ತನ್ನ ಹಣೆ ಒತ್ತಿ ಹಾಗೆಯೇ ಇದ್ದ, ಯಾರೂ ಅವಸರ ಮಾಡಲಿಲ್ಲ.