ಆನೆಯನ್ನು ಕರೆದ ಗುಲಾಬಿ ಸೆಂಟು

ನಾನು ಕೊಟ್ಟ ಸೆಂಟಿನ ವಾಸನೆಗೆ ಆನೆ ಬಂತಂತೆ!

ನಗಬೇಡಿ. ಮೊದಲು ನಾನೂ ನಕ್ಕೆ, ಆಮೇಲೆ ನಗು ಬರಲಿಲ್ಲ. ಸೋಮವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ನಮ್ಮೂರಿನ ಆನೆ ಗ್ರೂಪ್ ತೆರೆದೆ. (ಕೊಡಗಿನ ಮೂರ್ನಾಡು ಕಡೆ ಈಗ ಊರಿಗೊಂದು ವಾಟ್ಸಾಪ್ ಗ್ರೂಪ್ ಇದೆ. ಆನೆ ಯಾರ ತೋಟದಲ್ಲಿದೆ, ಯಾವ ರಸ್ತೆ ದಾಟಿತು ಎಂದು ಅದರಲ್ಲಿ ಹಾಕುತ್ತಾರೆ. ಮಕ್ಕಳನ್ನು ಸ್ಕೂಲಿಗೆ ಕಳಿಸುವ ಮುಂಚೆ ಅದನ್ನು ನೋಡಲೇಬೇಕು.) ಮುರಿದ ಗೋಡೆಯ ಒಂದು ಫೋಟೋ. ಅದರ ಕೆಳಗೆ ಪಕ್ಕದ ಎಸ್ಟೇಟಿನ ರೈಟರ್ ಸೋಮಣ್ಣನ ಸಂದೇಶ: "ನಮ್ಮ ಲೈನ್ ಮನೆಗೆ ಆನೆ ಗುದ್ದಿದೆ. ಕಾರಣ ಸೆಂಟ್ ವಾಸನೆ. ಹೆಂಗಸರು ಯಾರೂ ಸೆಂಟ್ ಹಾಕಬಾರದಾಗಿ ವಿನಂತಿ." ಜೊತೆಗೆ ಕೈಮುಗಿದ ಚಿತ್ರ ಬೇರೆ!

ರೈಟರ್ ಅಂದರೆ ಎಸ್ಟೇಟಿನಲ್ಲಿ ಹಾಜರಿ ಬರೆದು ಕೆಲಸ ಹಂಚುವವರು. ಕಥೆಯನ್ನೂ ಬರೆಯುತ್ತಾರೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಆ ಸೆಂಟಿನ ವಿಷಯ ಸ್ವಲ್ಪ ಹೇಳಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದಾಗ ನನಗೆ ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ಸಿಕ್ಕವು. ನನಗೆ ಬೇಕಾದದ್ದು ಮಾತ್ರ ಸಿಗಲಿಲ್ಲ. ಅದಕ್ಕೆ ಮೈಸೂರಿಗೆ ಹೋದಾಗ ನಾನೇ ಹೋಗಿ ಕೊಂಡೆ. ಕಪ್ಪು ಬಾಟಲಿ. ಅಂಗಡಿಯ ಹುಡುಗಿ "ಡಾರ್ಕ್ ರೋಸ್ ಮೇಡಂ" ಎಂದಳು. ಡಾರ್ಕ್ ಎಂದರೆ ಏನೆಂದು ಹಾಕಿಕೊಂಡ ಮೇಲೆ ತಿಳಿಯಿತು. ಇದು ಶರಬತ್ತಿನ ಸಿಹಿ ಗುಲಾಬಿ ಅಲ್ಲ, ಮದುವೆ ಮನೆಯಲ್ಲಿ ತಲೆಗೆ ಚಿಮುಕಿಸುವ ಪನ್ನೀರೂ ಅಲ್ಲ. ಮೊದಲ ಹತ್ತು ನಿಮಿಷ ಅರಳಿದ ಕೆಂಪು ಗುಲಾಬಿ. ಆಮೇಲೆ ಕಾಳುಮೆಣಸಿನ ಖಾರ. ಮಧ್ಯಾಹ್ನದ ಹೊತ್ತಿಗೆ ಹೂವು ಹಿಂದೆ ಸರಿದು, ಹಳೆಯ ಮರದ ಪೆಟ್ಟಿಗೆ ತೆರೆದ ಹಾಗೆ ಒಂದು ಆಳವಾದ ಪರಿಮಳ ಉಳಿಯುತ್ತದೆ. ನಮ್ಮ ಥಂಡಿಗೆ ಸ್ವೆಟರಿನಿಂದ ಅದು ಮೂರು ದಿನ ಹೋಗುವುದಿಲ್ಲ. ಕೊಡೆಯ ಹಿಡಿಯಲ್ಲೂ ಇರುತ್ತದೆ!

ಹಾಕಿಕೊಂಡರೆ ಬೆನ್ನು ನೆಟ್ಟಗಾಗುತ್ತದೆ. ಅಷ್ಟೇ ಅದರ ಉಪಯೋಗ. ಅಷ್ಟು ಸಾಲದೇ?

ಸಾಲುವುದಿಲ್ಲವಂತೆ. "ಎಲ್ಲಿಗೆ ಹೊರಟ್ರಿ ಟೀಚರ್, ಭಾರೀ ಘಮ ಘಮ?" ಎಂದು ಅಂಗಡಿಯಲ್ಲಿ ಕೇಳುತ್ತಾರೆ. "ಕೊಟ್ಟಿಗೆಗೆ" ಎನ್ನುತ್ತೇನೆ. ಜೋಕು ಎಂದುಕೊಂಡು ನಗುತ್ತಾರೆ. ನಿಜವಾಗಿ ಕೊಟ್ಟಿಗೆಗೇ ಹೊರಟಿರುತ್ತೇನೆ. ನನ್ನ ಹಸುವಿಗೆ ಇದುವರೆಗೆ ಯಾವ ತಕರಾರೂ ಇಲ್ಲ.

ಇರಲಿ, ಭಾನುವಾರಕ್ಕೆ ಬರುತ್ತೇನೆ. ಅವತ್ತು ಮಧ್ಯಾಹ್ನ ಭಾಗ್ಯ ಬಂದಿದ್ದಳು. ನನ್ನ ಹಳೆಯ ವಿದ್ಯಾರ್ಥಿನಿ. ಈಗ ಪಕ್ಕದ ಎಸ್ಟೇಟಿನಲ್ಲಿ ಕೆಲಸ. ಅಲ್ಲಿ ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯ ಒಂದು ರೂಮಿನಲ್ಲಿ ಅವ್ವ ಮತ್ತು ಆರನೇ ಕ್ಲಾಸಿನ ಮಗಳ ಜೊತೆ ಇದ್ದಾಳೆ. ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಳ್ಳಲು ಬಂದವಳು ಅರ್ಜಿ ಬಿಟ್ಟು ಗಾಳಿ ಮೂಸುತ್ತಿದ್ದಳು.

"ಟೀಚರ್, ಎಂತದು ಇಷ್ಟು ಚಂದ ಪರಿಮಳ?"

ಬಾಟಲಿ ತಂದು ಅವಳ ಎರಡೂ ಮಣಿಕಟ್ಟಿಗೆ ಒಂದೊಂದು ಸಲ ಸಿಂಪಡಿಸಿದೆ. ಕೈಯನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದಳು. ಎಂಟನೇ ಕ್ಲಾಸಿನಲ್ಲಿ ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ಈರುಳ್ಳಿ ಸಿಪ್ಪೆ ನೋಡಿದಾಗ ಅವಳ ಮುಖ ಹೀಗೇ ಆಗಿತ್ತು. "ಇವತ್ತು ಪಾತ್ರೆ ಅವ್ವನೇ ತೊಳೀಲಿ, ನಾನು ಕೈ ನೀರಿಗೆ ಹಾಕಲ್ಲ" ಎಂದು ನಗುತ್ತಾ ಹೋದಳು.

ಮರುದಿನ ಬೆಳಗಾಗುತ್ತಿದ್ದ ಹಾಗೆ ಆನೆ ಬಂದು ಅವಳ ಬಚ್ಚಲಿನ ಗೋಡೆ ಬೀಳಿಸಿತು. ಮೂವರೂ ಒಳಗಿದ್ದರು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ.

ಆನೆ ಹೋದ ಮೇಲೆ ಸೋಮಣ್ಣ ಬಂದರು. ಗೋಡೆ ನೋಡುವ ಮೊದಲು ಮೂಗು ಅರಳಿಸಿದರು. "ಎಂತ, ಸೆಂಟ್ ಹಾಕಿದ್ದೀಯಾ? ಆನೆ ಮತ್ತೆ ಬರ್ದೆ ಇರ್ತದಾ? ನಿನ್ನ ಶೋಕಿಗೆ ಇಡೀ ಲೈನ್ ಸಾಯ್ಬೇಕಾ? ಎರಡು ದಿನದಲ್ಲಿ ರೂಮ್ ಖಾಲಿ ಮಾಡು." ಅಷ್ಟು ಹೇಳಿ, ಫೋಟೋ ತೆಗೆದು, ಗ್ರೂಪಿಗೆ ಹಾಕಿ ಹೋದರು.

ಲೈನ್ ರೂಮ್ ಹೋಯಿತು ಎಂದರೆ ಕೆಲಸವೂ ಹೋದ ಹಾಗೆಯೇ. ಸ್ಕೂಲ್ ಶುರುವಾಗಿ ಇನ್ನೂ ಎರಡು ವಾರ. ಆ ಮಗುವನ್ನು ಕಟ್ಟಿಕೊಂಡು ಇವಳು ಎಲ್ಲಿಗೆ ಹೋಗಬೇಕು?

ನಾನು ಮೆಸೇಜ್ ಓದಿ ನಗುತ್ತಿದ್ದಾಗಲೇ ಭಾಗ್ಯ ಅಳುತ್ತಾ ಬಂದಳು. ನಡೆದದ್ದೆಲ್ಲ ಹೇಳಿ, "ತಪ್ಪಾಯ್ತು ಟೀಚರ್" ಎಂದಳು. ನನಗೆ! ಅವಳ ಮಣಿಕಟ್ಟು ನೋಡಿದೆ. ಬಟ್ಟೆ ಸೋಪು ಹಾಕಿ ಉಜ್ಜಿ ಉಜ್ಜಿ ಎರಡೂ ಕಡೆ ಕೆಂಪಾಗಿ ಚರ್ಮ ಕಿತ್ತು ಬಂದಿತ್ತು. ಆಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲು ಸಂಪಾದಕರು ಬಿಡುವುದಿಲ್ಲ.

ಒಳಗೆ ಹೋದೆ. ಕಪ್ಪು ಬಾಟಲಿ ತೆಗೆದು ಕುತ್ತಿಗೆಗೆ, ಕೈಗೆ, ಸೆರಗಿಗೆ ಧಾರಾಳವಾಗಿ ಹೊಡೆದುಕೊಂಡೆ. ಕೊಡೆ ತೆಗೆದುಕೊಂಡು ಭಾಗ್ಯಳ ಜೊತೆ ಲೈನಿಗೆ ನಡೆದೆ. ಬರಲಿ ಆನೆ!

ಅಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಫಾರೆಸ್ಟಿನ ವಾಚರ್ ಒಬ್ಬರು ಗೋಡೆ ನೋಡುತ್ತಿದ್ದರು. ಮೂಲೆ ತಿರುಗುತ್ತಿದ್ದ ಹಾಗೆ ಒಂದು ವಾಸನೆ ಬಂದು ಮುಖಕ್ಕೆ ಬಡಿಯಿತು ನೋಡಿ, ನನ್ನ ಗುಲಾಬಿ ಎಲ್ಲಿ ಹೋಯಿತೋ ನನಗೇ ಗೊತ್ತಾಗಲಿಲ್ಲ.

ಹಲಸಿನ ಹಣ್ಣು.

ಭಾಗ್ಯಳ ಬಚ್ಚಲಿನ ಪಕ್ಕದಲ್ಲೇ ಹಲಸಿನ ಮರ. ಕೆಳಗೆ ಬಿದ್ದು ಒಡೆದು ನೊಣ ಮುತ್ತಿದ ಹಣ್ಣುಗಳು, ಮೇಲೆ ಇನ್ನೂ ತೂಗುತ್ತಿರುವ ಹಣ್ಣುಗಳು. ಕೊಡಗಿನಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು: ಹಲಸು ಹಣ್ಣಾಗುವ ಮೊದಲೇ, ಕಾಯಿಯಲ್ಲೇ ಮರ ಹತ್ತಿಸಿ ಕೊಯ್ಯಿಸಿ ಸಾಗಿಸಬೇಕು. ಇಲ್ಲದಿದ್ದರೆ ಆನೆಗೆ ನಾವೇ ಎಲೆ ಹಾಕಿ ಬಡಿಸಿದ ಹಾಗೆ. ಪ್ರತಿ ವರ್ಷ ಮಳೆಗೆ ಮುಂಚೆ ಪ್ರತಿ ತೋಟದಲ್ಲೂ ಮಾಡುವ ಕೆಲಸ. ಮಾಡಿಸಬೇಕಾದವರು ರೈಟರ್.

"ಸೋಮಣ್ಣ, ಈ ವರ್ಷ ಹಲಸು ಕೊಯ್ಯಿಸಲಿಲ್ವಾ?"

"ಆಳು ಸಿಕ್ಕಲಿಲ್ಲ ಟೀಚರೇ. ಮರ ಹತ್ತುವವರು ಈಗ ಎಲ್ಲಿದ್ದಾರೆ? ಅದಲ್ಲ ವಿಷಯ. ಆನೆಯ ಮೂಗು ಅಂದ್ರೆ ಸಾಮಾನ್ಯ ಅಲ್ಲ. ಸೆಂಟ್‌ಗೆ ಅದು ಎಲ್ಲಿಂದಲೋ..."

(ಹೇಳುತ್ತಿದ್ದವರ ಬಾಡಿ ಸ್ಪ್ರೇ ನನಗೆ ಅಷ್ಟು ದೂರಕ್ಕೂ ಹೊಡೆಯುತ್ತಿತ್ತು. ಗಂಡಸರ ಸ್ಪ್ರೇಗೆ ಆನೆ ಬರುವುದಿಲ್ಲವೇ? ಸಂಜೆಯ ಬ್ರಾಂದಿ ವಾಸನೆಗೆ?)

ಅಂಗಳದಲ್ಲೇ ಲದ್ದಿ ಬಿದ್ದಿತ್ತು. ಕೊಡೆಯ ತುದಿಯಿಂದ ಅದನ್ನು ಕೆದಕಿದೆ. ವಿಜ್ಞಾನ ಕಲಿಸಿದವಳಿಗೆ ಅದರಲ್ಲೇನು ನಾಚಿಕೆ?

"ಇದೇನು ಹೇಳಿ."

ಭಾಗ್ಯಳ ಮಗಳು ಹಿಂದಿನಿಂದ ಜೋರಾಗಿ ಹೇಳಿದಳು. "ಹಲಸಿನ ಬೀಜ!"

"ಗುಲಾಬಿ ಎಸಳು ಎಲ್ಲಾದರೂ ಇದೆಯಾ, ಸರಿಯಾಗಿ ನೋಡಿ."

ವಾಚರ್ ಮುಖ ಆಚೆ ತಿರುಗಿಸಿ ನಕ್ಕರು. ಸೋಮಣ್ಣ ಮೊಬೈಲ್ ನೋಡುತ್ತಾ, "ಇರ್ಲಿ ಬಿಡಿ, ರೂಮ್ ಖಾಲಿ ಮಾಡೋದೇನೂ ಬೇಡ" ಎಂದು ಗೊಣಗಿದರು. ಇರ್ಲಿ ಬಿಡಿಯಂತೆ! ಅವರೇನೋ ಉಪಕಾರ ಮಾಡಿದ ಹಾಗೆ. ತಪ್ಪಾಯ್ತು ಎಂಬ ಮಾತು ಅವತ್ತು ಭಾಗ್ಯಳ ಬಾಯಿಂದ ಬಿಟ್ಟರೆ ಬೇರೆ ಯಾರ ಬಾಯಿಂದಲೂ ಬರಲಿಲ್ಲ.

ನನಗೆ ಇಂದಿಗೂ ಅರ್ಥವಾಗದ್ದು ಬೇರೆ. ಆ ಹತ್ತಿಪ್ಪತ್ತು ಜನಕ್ಕೂ ಮೂಗಿತ್ತಲ್ಲ? ಹಲಸಿನ ವಾಸನೆ ಮಧ್ಯದಲ್ಲೇ ನಿಂತು ಸೆಂಟಿನ ಮಾತು ನಂಬಿದರಲ್ಲ? ಹೆಂಗಸು ಮಲ್ಲಿಗೆ ಮುಡಿದರೆ ಲಕ್ಷಣ, ಊದುಬತ್ತಿ ಹಚ್ಚಿದರೆ ಭಕ್ತಿ. ತನ್ನ ಖುಷಿಗೆ ಎಂದು ಎರಡು ಹನಿ ಹಾಕಿಕೊಂಡರೆ ಮಾತ್ರ ಏನಾದರೂ ಅನಾಹುತ ಆಗಲೇಬೇಕು. ಅನಾಹುತ ತಾನಾಗಿ ಬಂದರಂತೂ ಕಾರಣ ಹುಡುಕುವ ಕಷ್ಟವೂ ಇಲ್ಲ.

ಗುರುವಾರ ಒಂದು ಪುಟ್ಟ ಸೀಸೆಗೆ ಸ್ವಲ್ಪ ಸೆಂಟು ತುಂಬಿಸಿ ಭಾಗ್ಯಳಿಗೆ ಕೊಡಲು ಹೋದೆ. ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿದಳು. ಮತ್ತೆ ಮುಚ್ಚಿ ನನ್ನ ಕೈಯಲ್ಲಿಟ್ಟಳು.

"ಬೇಡ ಟೀಚರ್. ಇದಕ್ಕೆ ಆನೆ ಬರಲ್ಲ, ನಂಗೊತ್ತು. ಮಾತು ಬರ್ತದೆ. ನಾನು ಲೈನಲ್ಲಿ ಇರೋಳು."

ಸೀಸೆ ನನ್ನ ಮೇಜಿನ ಮೇಲಿದೆ. ಸೋಮಣ್ಣನ ಮೆಸೇಜ್ ಗ್ರೂಪಿನಲ್ಲಿ ಹಾಗೇ ಇದೆ, ಕೈಮುಗಿದ ಚಿತ್ರದ ಸಮೇತ. ಹಲಸಿನ ಹಣ್ಣುಗಳೂ ಮರದಲ್ಲಿ ಹಾಗೇ ಇವೆ, ಆಳು ಇನ್ನೂ ಸಿಕ್ಕಿಲ್ಲವಂತೆ.

ಹಲಸಿನ ಮರ ಹತ್ತಲು ಒಬ್ಬನೂ ಸಿಗದ ನಮ್ಮೂರಲ್ಲಿ, ಹೆಂಗಸಿನ ಮಣಿಕಟ್ಟು ಮೂಸಲು ಮಾತ್ರ ಇಷ್ಟೊಂದು ಜನ ಎಲ್ಲಿಂದ ಸಿಗುತ್ತಾರೆ?