ನೋರಾಳ ಕಲ್ಲು ನಿಲ್ಲಿಸಿದ ಸಂಗನಬಸಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಮೆರಿಕದ ಶಿಕಾಗೋ ಬಳಿ, ಇಟಾಸ್ಕಾದಾಚೆಯ ಹಳೆಯ ಕ್ಯಾಥೊಲಿಕ್ ಸ್ಮಶಾನದಲ್ಲಿ ಸಂಗನಬಸಪ್ಪ ಮಂಡಿಯೂರಿ ಕುಳಿತು ಸಮಾಧಿಗಲ್ಲೊಂದಕ್ಕೆ ನೀರು ಚಿಮುಕಿಸುತ್ತಾರೆ. ಮಗುವಿನ ಬೆನ್ನು ಉಜ್ಜುವ ಹಾಗೆ ಮೆತ್ತನೆಯ ಬ್ರಷ್ಷಿನಿಂದ ಪಾಚಿ ತೆಗೆಯುತ್ತಾರೆ. ವಿಮಾನವೊಂದು ತೀರ ತಗ್ಗಿ ಹಾದುಹೋದರೂ ಕತ್ತೆತ್ತುವುದಿಲ್ಲ.

ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ದುಡಿದ ಕೈ ಇದು. ಹೆಂಡತಿ ಕೌಸಲ್ಯಾಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಾಗ ಜೊತೆಗೆ ಬಂದವರು, ಮೊದಲು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತರು. ಈಗ ವಾಲಿದ ಸಮಾಧಿಗಲ್ಲುಗಳನ್ನು ನೆಟ್ಟಗೆ ಮಾಡುತ್ತಾರೆ. ಚಳಿಗೆ ಹೆಪ್ಪುಗಟ್ಟಿ ಉಬ್ಬಿದ ನೆಲ ಬಿಸಿಲಿಗೆ ಕುಸಿದಾಗ ಕಲ್ಲುಗಳೂ ವಾಲುತ್ತವೆ. ಅವನ್ನೆತ್ತಿ, ಅಡಿಗೆ ಜಲ್ಲಿ ತುಂಬಿ, ನೆಟ್ಟಗಿದೆಯೇ ಎಂದು ರಸಮಟ್ಟ ಇಟ್ಟು ನೋಡಬೇಕು. ದಿನಕ್ಕೆ ನಾಲ್ಕೋ ಐದೋ ಆದರೆ ಹೆಚ್ಚು, ಮಂಡಿ ಬಿಡುವುದಿಲ್ಲ.

"ಇಲ್ಲಿ ಮಲಗಿರೋರು ಬಾಳ ಮಂದಿ ಐರ್ಲೆಂಡಿನವರ್ರಿ. ಹೆಸರಿನ ಕೆಳಗ ಹುಟ್ಟಿದೂರು ಕೆತ್ತಿಸ್ಯಾರ ನೋಡ್ರಿ," ಎನ್ನುತ್ತಾರೆ. ಅಪ್ಪನ ಗೆಳೆಯರೆಲ್ಲ ಐರಿಷರು, ಅಷ್ಟೂ ಜನ ಸತ್ತವರು ಎಂದು ಮಗಳು ಅನಿಕಾ ಇಂಗ್ಲಿಷಿನಲ್ಲಿ ಛೇಡಿಸುತ್ತಾಳೆ.

ಬದುಕಿರುವ ಒಬ್ಬ ಗೆಳತಿಯೂ ಇದ್ದಾರೆ. ಡೆಟ್ರಾಯಿಟ್ ಬಳಿಯ ಪ್ಲಿಮತ್ತಿನ ಕ್ಯಾಥ್ಲೀನ್, ಎಂಬತ್ತು ದಾಟಿದವರು. ಅವರ ಅಜ್ಜ ಪ್ಯಾಟ್ರಿಕ್ ಮತ್ತು ಒಡಹುಟ್ಟಿದವರು ಐರ್ಲೆಂಡಿನ ಕ್ಲೇರ್ ಜಿಲ್ಲೆಯಿಂದ ಹಡಗು ಹತ್ತಿ ಬಂದವರು. ಗಂಡುಮಕ್ಕಳು ಡೆಟ್ರಾಯಿಟಿನ ಕಾರ್ಖಾನೆಗಳಿಗೆ, ತಂಗಿ ನೋರಾ ಶಿಕಾಗೋಗೆ, ಮನೆಗೆಲಸಕ್ಕೆ. ಕೆಲ ವರ್ಷಗಳಲ್ಲೇ ನೋರಾಳ ಸುದ್ದಿ ನಿಂತುಹೋಯಿತು. ಅಜ್ಜ ಹುಡುಕುತ್ತಲೇ ತೀರಿಕೊಂಡರು, ಆಮೇಲೆ ಅಪ್ಪ. ಕ್ಯಾಥ್ಲೀನರ ಹೃದಯ ಈಗ ಸೋತಿದೆ. ಇನ್ನು ದೂರದ ಪ್ರಯಾಣ ಬೇಡವೆಂದಿದ್ದಾರೆ ಡಾಕ್ಟರು. ಹೋದ ಮೇ ತಿಂಗಳಲ್ಲಿ, ಇದೇ ಕೊನೆಯ ಸಲ ಎಂದುಕೊಂಡೇ ಅವರು ನೋರಾಳನ್ನು ಹುಡುಕಿ ಇಲ್ಲಿಗೆ ಬಂದಿದ್ದರು.

ಈ ಸ್ಮಶಾನದಲ್ಲಿ ಒಬ್ಬ ನೋರಾ ಇದ್ದಾಳೆ. ಅದೇ ಮನೆತನ, ಅದೇ ಊರು. ಆದರೆ ಕ್ಲೇರಿನ ಚರ್ಚು ತಿಳಿಸಿದ್ದ ಜನ್ಮವರ್ಷಕ್ಕೂ ಕಲ್ಲಿನ ಮೇಲಿನದಕ್ಕೂ ಮೂರು ವರ್ಷ ವ್ಯತ್ಯಾಸ, ಕಲ್ಲಿನದು ಈಚಿನದು. ಹೀಗಾಗಿ ಕ್ಯಾಥ್ಲೀನ್ ಪ್ರತಿ ಸಲವೂ ಅವಳನ್ನು ದಾಟಿಹೋಗುತ್ತಿದ್ದರು.

ಚರ್ಚಿನ ದಾಖಲೆಯ ಆ ಕೂಸು ಬದುಕಿ ಉಳಿದಿತ್ತೇ, ಇಲ್ಲಾ ಅದರ ಹೆಸರನ್ನೇ ಆಮೇಲೆ ಹುಟ್ಟಿದವಳಿಗೆ ಇಟ್ಟರೇ ಎಂದು ಅಂದು ಸಂಗನಬಸಪ್ಪ ಕೇಳಿದರು. ಕ್ಯಾಥ್ಲೀನರಿಗೆ ನೋವಾಯಿತು. ಸತ್ತ ಮಗುವಿನ ಹೆಸರನ್ನು ಯಾವ ತಾಯಿ ಇನ್ನೊಂದಕ್ಕೆ ಇಡುತ್ತಾಳೆ ಎಂದರು. ಆಗ ತಾವು ಹೇಳಿದ್ದನ್ನು ಸಂಗನಬಸಪ್ಪ ಈಗ ಕನ್ನಡದಲ್ಲಿ ಹೇಳುತ್ತಾರೆ:

"ನನಗಿಂತ ಮೊದಲ ಒಬ್ಬ ಸಂಗನಬಸಪ್ಪ ಇದ್ದನ್ರಿ. ಹಾಲು ಕುಡಿಯೂ ಕೂಸಿದ್ದಾಗ ಹೋದ. ಅಜ್ಜನ ಹೆಸರು ಮನ್ಯಾಗ ಉಳೀಬೇಕಂತ ಅದನ್ನ ನನಗ ಇಟ್ರು. ನಮ್ಮವ್ವ ನನ್ನ ಕರದಾಗೆಲ್ಲ ಇಬ್ಬರನ್ನೂ ಕರೀತಿದ್ಲು."

ಕ್ಯಾಥ್ಲೀನ್ ಮರುದಿನ ಕ್ಲೇರಿನ ಪಾದ್ರಿಗೆ ಫೋನ್ ಮಾಡಿ, ಚರ್ಚಿನ ದಾಖಲೆ ಮತ್ತೊಮ್ಮೆ ನೋಡುವಂತೆ ಬೇಡಿಕೊಂಡರು. ವಾರದೊಳಗೆ ಉತ್ತರ ಬಂತು. ಮೊದಲ ನೋರಾ ವರ್ಷ ತುಂಬುವ ಮುಂಚೆಯೇ ತೀರಿಕೊಂಡಿದ್ದಳು. ಅವಳಿಗಿಂತ ಮೂರು ವರ್ಷ ತಡವಾಗಿ ಹುಟ್ಟಿದ ಹೆಣ್ಣುಮಗುವಿಗೂ ಅಜ್ಜಿಯ ಆ ಹೆಸರನ್ನೇ ಇಟ್ಟಿದ್ದರು.

ಡಾಕ್ಟರ ಮಾತು ಮೀರಿ ಕ್ಯಾಥ್ಲೀನ್ ಇನ್ನೊಮ್ಮೆ ಬಂದರು, ಅಣ್ಣನ ಮಗನ ಕಾರಿನಲ್ಲಿ. ಅಷ್ಟರಲ್ಲಿ ಸಂಗನಬಸಪ್ಪ ನೋರಾಳ ಕಲ್ಲನ್ನೆತ್ತಿ ನಿಲ್ಲಿಸಿ ತೊಳೆದಿಟ್ಟಿದ್ದರು. ಮುದುಕಿ ಹೆಸರಿನ ಮೇಲೆ ಅಂಗೈಯಿಟ್ಟು, ಪ್ಯಾಟ್ರಿಕ್ ನಿನ್ನನ್ನು ಹುಡುಕುವುದು ಬಿಟ್ಟಿರಲಿಲ್ಲ ಎಂದರಂತೆ. ಸಂಗನಬಸಪ್ಪ ಟೋಪಿ ತೆಗೆದು ದೂರ ನಿಂತಿದ್ದರಂತೆ.

ನೀವೇ ಹುಡುಕಿಕೊಟ್ಟಿರಲ್ಲ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ನಾ ಏನೂ ಹುಡುಕಿಲ್ರಿ. ಅಕಿ ಇಲ್ಲೇ ಇದ್ಲು. ವಾಲಿದ್ಲು, ಈಗ ನೆಟ್ಟಗ ನಿಂತಾಳ."